ಎಮರ್ಜೆನ್ಸಿಯಿಂದ ಮನೆಗೆ ಬಂದ ಮೇಲೆ: ಮಕ್ಕಳ ಆಸ್ತಮಾ ಮತ್ತು ಮುಂದಿನ ಕೆಲವು ವಾರಗಳು

ಉಸಿರಾಟ ಕಷ್ಟವಾಗಿ ಎಮರ್ಜೆನ್ಸಿಗೆ ಹೋದ ಮಗು ಮನೆಗೆ ಹೊರಡುವ ಹೊತ್ತಿಗೆ ಚೆನ್ನಾಗಿಯೇ ಇರುತ್ತದೆ. ಎದೆಯ ಸುಂಯ್ ಸದ್ದು ಕಡಿಮೆಯಾಗಿರುತ್ತದೆ. ಮುಖಕ್ಕೆ ಕಳೆ ಬಂದಿರುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಎರಡು ಮಾತಾಡಲೂ ಏದುಸಿರು ಬಿಡುತ್ತಿದ್ದ ಮಗು ಈಗ ಹಸಿವು ಅನ್ನುತ್ತದೆ. ನಿದ್ದೆಗೆಟ್ಟ ಅಪ್ಪ ಅಮ್ಮನಿಗೆ "ಸದ್ಯ, ಮುಗೀತಲ್ಲ" ಅನಿಸುವುದು ಸಹಜ. ಆದರೆ ಮುಗಿದಿರುವುದು ಆ ಹೊತ್ತಿನ ಅಪಾಯ ಮಾತ್ರ. ಉಸಿರಿನ ಕೊಳವೆಗಳ ಒಳಗಿನ ಊತ ಇನ್ನೂ ಇದೆ. ಅದು ಇಳಿಯಲು ದಿನಗಳು ಬೇಕು, ಕೆಲವೊಮ್ಮೆ ವಾರಗಳೇ ಬೇಕು. ಆ ದಿನಗಳಲ್ಲಿ ಮಗು ಇರುವುದು ಡಾಕ್ಟರ ಕಣ್ಣೆದುರಲ್ಲ, ನಿಮ್ಮ ಕಣ್ಣೆದುರು. ಹಾಗಾಗಿ ಉಳಿದ ಚಿಕಿತ್ಸೆಯ ದೊಡ್ಡ ಪಾಲು ನಿಮ್ಮ ಕೈಯಲ್ಲೇ ಇದೆ.

ಇದರಲ್ಲಿ ಹೆದರುವಂಥದ್ದೇನಿಲ್ಲ. ಬೇಕಾದ ತಿಳುವಳಿಕೆ ಯಾರು ಬೇಕಾದರೂ ಕಲಿಯುವಂಥದ್ದು. ಕಲಿತರೆ ಪ್ರಯೋಜನ ಇದೆ ಅನ್ನುವುದಕ್ಕೆ ಆಧಾರವೂ ಇದೆ. ಆಸ್ತಮಾಗಾಗಿ ಎಮರ್ಜೆನ್ಸಿಗೆ ಹೋದ ಮಕ್ಕಳ ಬಗೆಗಿನ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೋಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯೊಂದು 2009ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ, ಪೋಷಕರಿಗೆ ಅಥವಾ ಇಬ್ಬರಿಗೂ ಸರಿಯಾಗಿ ತಿಳಿಸಿ ಕಲಿಸಿದ ಕಡೆ ಮತ್ತೆ ಎಮರ್ಜೆನ್ಸಿಗೆ ಓಡುವ ಸಾಧ್ಯತೆ ಕಾಲು ಭಾಗಕ್ಕಿಂತ ಜಾಸ್ತಿಯೇ ಕಡಿಮೆಯಾಗಿತ್ತು. ಆಸ್ಪತ್ರೆಗೆ ದಾಖಲಾಗುವುದೂ ಕಡಿಮೆಯಾಗಿತ್ತು. ಬರೀ ತಿಳುವಳಿಕೆಯಿಂದ ಇಷ್ಟಾಗುತ್ತದೆ ಅಂದರೆ ಅದು ಸಣ್ಣ ಮಾತಲ್ಲ.

ಎದೆಯೊಳಗೆ ನಡೆದದ್ದು

ನಾವು ಎಳೆದುಕೊಂಡ ಗಾಳಿ ಶ್ವಾಸಕೋಶದಲ್ಲಿ ಕವಲೊಡೆಯುತ್ತಾ ಹೋಗುವ ಕೊಳವೆಗಳ ಮೂಲಕ ಸಾಗುತ್ತದೆ. ಆಸ್ತಮಾ ಇರುವ ಮಕ್ಕಳಲ್ಲಿ ಈ ಕೊಳವೆಗಳ ಒಳಪದರ ಕೆರಳಿಕೊಂಡಿರುತ್ತದೆ. ಮಗು ಆರಾಮಾಗಿ ಆಡಿಕೊಂಡಿರುವಾಗಲೂ ಈ ಕೆರಳಿಕೆ ಒಳಗೊಳಗೇ ಇರಬಹುದು. ನೆಗಡಿಯ ವೈರಸ್ಸೋ, ಹೊಗೆಯೋ, ದೂಳೋ ತಾಗಿದಾಗ ಮೂರು ಸಂಗತಿಗಳು ಒಟ್ಟಿಗೆ ಆಗುತ್ತವೆ. ಕೊಳವೆಯ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಒಳಪದರ ಊದಿಕೊಳ್ಳುತ್ತದೆ. ಅಂಟಂಟಾದ ಕಫ ತುಂಬಿಕೊಳ್ಳುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ. ಒಳಗೆ ಹೋದ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ಉಸಿರು ಬಿಡುವಾಗ ಆ ಸುಂಯ್ ಸದ್ದು ಬರುವುದು ಅದಕ್ಕೇ.

ಮಕ್ಕಳಲ್ಲಿ ಇದು ಬೇಗ ಜೋರಾಗಲು ಕಾರಣ ಇದೆ. ಅವರ ಕೊಳವೆಗಳು ಮೊದಲೇ ಸಣ್ಣವು. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ ಎರಡು ಪಟ್ಟಾಗುವುದಿಲ್ಲ, ಸುಮಾರು 16 ಪಟ್ಟಾಗುತ್ತದೆ. ದೊಡ್ಡವರಿಗೆ ಗೊತ್ತೇ ಆಗದಷ್ಟು ಊತ ಪುಟ್ಟ ಮಗುವನ್ನು ಪೂರ್ತಿ ಸುಸ್ತು ಮಾಡಿಬಿಡಬಲ್ಲದು.

ಎಮರ್ಜೆನ್ಸಿಯಲ್ಲಿ ಮೊದಲು ಕೊಡುವ ಔಷಧ ಸಾಮಾನ್ಯವಾಗಿ ಸಾಲ್ಬ್ಯುಟಮಾಲ್. ಔಷಧವನ್ನು ಮಂಜಾಗಿಸಿ ಕೊಡುವ ಯಂತ್ರವಾದ ನೆಬ್ಯುಲೈಸರಿನಲ್ಲಿ ಕೊಡಬಹುದು, ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿ) ಹಾಕಿದ ಇನ್ಹೇಲರಿನಲ್ಲೂ ಕೊಡಬಹುದು. ಇದು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಮಗು ನೋಡನೋಡುತ್ತಲೇ ಚೇತರಿಸಿಕೊಳ್ಳುವುದು ಇದರಿಂದ. ಆದರೆ ಇದರ ಪರಿಣಾಮ ಹೆಚ್ಚೂಕಡಿಮೆ ನಾಲ್ಕರಿಂದ ಆರು ಗಂಟೆ ಅಷ್ಟೇ. ಊತದ ಮೇಲೆ ಇದು ಕೆಲಸ ಮಾಡುವುದಿಲ್ಲ. ಊತಕ್ಕೆ ಬೇಕಾದದ್ದು ಸ್ಟೀರಾಯ್ಡ್. ಅದು ಬಾಯಿಗೆ ಕೊಟ್ಟ ಮೇಲೆ ಪರಿಣಾಮ ಕಾಣಲು ಕನಿಷ್ಠ ನಾಲ್ಕು ಗಂಟೆ ಬೇಕು, ಪೂರ್ತಿ ಕೆಲಸ ಮುಗಿಸಲು ದಿನಗಳೇ ಬೇಕು. ಕಾಲು ಉಳುಕಿದಾಗ ನೋವಿನ ಮಾತ್ರೆ ನುಂಗಿ ನಡೆದಾಡಬಹುದು, ಆದರೆ ಊತ ಅಲ್ಲೇ ಇರುತ್ತದೆ ಅಲ್ವಾ? ಆಸ್ಪತ್ರೆಯಿಂದ ಹೊರಟ ಮಗುವಿನ ಎದೆಯ ಸ್ಥಿತಿಯೂ ಹಾಗೇ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಮುಂದಿನ ಸೂಚನೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಬ್ರಿಟನ್ನಿನಲ್ಲಿ ಆಸ್ತಮಾದಿಂದ ಆದ 195 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ವರದಿ 2014ರಲ್ಲಿ ಬಂತು. ದೊಡ್ಡವರೂ ಮಕ್ಕಳೂ ಸೇರಿದ್ದ ಆ ಪಟ್ಟಿಯಲ್ಲಿ ಹತ್ತರಲ್ಲಿ ಒಬ್ಬರು, ಆಸ್ತಮಾಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ 28 ದಿನಗಳ ಒಳಗೇ ತೀರಿಕೊಂಡಿದ್ದರು. ಹೆದರಿಸಲು ಇದನ್ನು ಹೇಳುತ್ತಿಲ್ಲ. ಆಸ್ತಮಾದಿಂದ ಎಮರ್ಜೆನ್ಸಿಗೆ ಹೋದ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ಆದರೆ ಈ ಕೆಲವು ವಾರ ಮೈಮರೆಯುವ ಹೊತ್ತಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ.

ಸ್ಟೀರಾಯ್ಡ್ ಕೋರ್ಸ್ ನಡುವೆ ನಿಲ್ಲಿಸಬೇಡಿ

ಮನೆಗೆ ಕಳಿಸುವಾಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಮೂರರಿಂದ ಐದು ದಿನಕ್ಕೆ ಬರೆದುಕೊಡುವುದು ಸಾಮಾನ್ಯ. ಕೆಲವರು ಡೆಕ್ಸಾಮೆಥಸೋನ್ ಅನ್ನು ಒಂದೆರಡು ದಿನಕ್ಕೆ ಕೊಡುತ್ತಾರೆ. ಎರಡನೇ ದಿನಕ್ಕೇ ಮಗು ಓಡಾಡಲು ಶುರು ಮಾಡುತ್ತದೆ. ಇಷ್ಟು ಚೆನ್ನಾಗಿದೆ, ಸುಮ್ನೆ ಯಾಕೆ ಸ್ಟೀರಾಯ್ಡ್ ಅಂತ ನಿಲ್ಲಿಸಿಬಿಡುವ ಮನೆಗಳು ಬಹಳ. ಊತ ಅರ್ಧ ಇಳಿದಾಗ ಔಷಧ ನಿಂತರೆ ಅದು ಮತ್ತೆ ಏರಬಹುದು. ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ಕೊಡಿ. ಇಷ್ಟು ಸಣ್ಣ ಕೋರ್ಸನ್ನು ನಿಧಾನವಾಗಿ ಇಳಿಸುತ್ತಾ ಹೋಗುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಈ ದಿನಗಳಲ್ಲಿ ಮಗುವಿಗೆ ಹಸಿವು ಜಾಸ್ತಿಯಾಗಬಹುದು, ಸಿಡುಕು ಬರಬಹುದು, ನಿದ್ದೆ ಕೆಡಬಹುದು. ಕೋರ್ಸ್ ಮುಗಿದ ಮೇಲೆ ಸರಿಹೋಗುತ್ತದೆ. ಔಷಧ ಕಹಿಯಾಗಿರುವುದರಿಂದ ವಾಂತಿ ಮಾಡುವ ಮಕ್ಕಳೂ ಇದ್ದಾರೆ. ಕೊಟ್ಟ ಕೂಡಲೇ ವಾಂತಿಯಾದರೆ ಮತ್ತೆ ಕೊಡಬೇಕೇ ಎಂದು ಡಾಕ್ಟರನ್ನು ಕೇಳಿ, ನೀವೇ ಊಹಿಸಿಕೊಳ್ಳಬೇಡಿ.

ಎರಡು ಇನ್ಹೇಲರ್, ಎರಡು ಕೆಲಸ

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇಲ್ಲೇ. ಒಂದು ಇನ್ಹೇಲರ್ ತಕ್ಷಣದ ಕಷ್ಟಕ್ಕೆ. ಅದರಲ್ಲಿ ಸಾಲ್ಬ್ಯುಟಮಾಲ್ ಇರುತ್ತದೆ. ಕೆಮ್ಮು, ಸುಂಯ್ ಸದ್ದು, ಉಸಿರು ಕಟ್ಟಿದ ಹಾಗೆ ಆದಾಗ ಅದು ಬೇಕು. ಇನ್ನೊಂದು ದಿನವೂ ತಪ್ಪದೆ ತೆಗೆದುಕೊಳ್ಳುವಂಥದ್ದು. ಅದರಲ್ಲಿ ಬುಡೆಸೊನೈಡ್, ಫ್ಲುಟಿಕಾಸೋನ್ ಅಥವಾ ಬೆಕ್ಲೊಮೆಥಾಸೋನ್‌ನಂಥ ಸ್ಟೀರಾಯ್ಡ್ ಬಹಳ ಕಡಿಮೆ ಪ್ರಮಾಣದಲ್ಲಿ ಇರುತ್ತದೆ. ಊತ ಮರುಕಳಿಸದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಅದನ್ನು ಎಳೆದುಕೊಂಡ ತಕ್ಷಣ ಏನೂ ಅನಿಸುವುದಿಲ್ಲ. ಪರಿಣಾಮ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಹೀಗಾಗಿಯೇ ಮನೆಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ತಕ್ಷಣ ಆರಾಮ ಕೊಡುವುದೇ ಒಳ್ಳೆಯ ಔಷಧ, ಏನೂ ಮಾಡದಂತೆ ಕಾಣುವುದು ದಂಡ ಅನಿಸುತ್ತದೆ. ನಿಜ ಏನೆಂದರೆ ಮುಂದಿನ ಎಮರ್ಜೆನ್ಸಿಯನ್ನು ತಪ್ಪಿಸುವುದು ಆ ಎರಡನೆಯದೇ.

ಆಸ್ತಮಾ ಚಿಕಿತ್ಸೆಗೆ ಜಗತ್ತಿನಾದ್ಯಂತ ಮಾರ್ಗಸೂಚಿ ಕೊಡುವ ಗೀನಾ ಎಂಬ ಸಂಸ್ಥೆ 2019ರಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿತು. ಹದಿಹರೆಯದವರಿಗೂ ದೊಡ್ಡವರಿಗೂ ಸಾಲ್ಬ್ಯುಟಮಾಲ್ ಒಂದನ್ನೇ ನೆಚ್ಚಿಕೊಂಡಿರುವುದು ಸುರಕ್ಷಿತ ಅಲ್ಲ, ಜೊತೆಗೆ ಸ್ಟೀರಾಯ್ಡ್ ಇನ್ಹೇಲರ್ ಇರಲೇಬೇಕು ಎಂದಿತು. ಸ್ವಲ್ಪ ದೊಡ್ಡ ಮಕ್ಕಳಿಗೆ ಎರಡೂ ಕೆಲಸ ಮಾಡುವ, ಫಾರ್ಮೊಟೆರಾಲ್ (ಸ್ನಾಯು ಸಡಿಲಿಸುವ ಇನ್ನೊಂದು ಔಷಧ) ಮತ್ತು ಸ್ಟೀರಾಯ್ಡ್ ಸೇರಿದ ಒಂದೇ ಇನ್ಹೇಲರನ್ನು ಬರೆಯುವುದೂ ಉಂಟು. ನಿಮ್ಮ ಮಗುವಿನ ಕೈಯಲ್ಲಿರುವುದು ಯಾವುದು, ಯಾವಾಗ ಬೇಕು, ದಿನವೂ ಬೇಕೇ ಎಂದು ಕೇಳಿ, ಇನ್ಹೇಲರ್ ಮೇಲೆಯೇ ದೊಡ್ಡದಾಗಿ ಬರೆದು ಅಂಟಿಸಿ.

"ಇನ್ಹೇಲರ್ ಅಭ್ಯಾಸವಾದರೆ ಬಿಡಲಾಗುವುದಿಲ್ಲ" ಎಂಬ ಭಯ ಇನ್ನೂ ಹೋಗಿಲ್ಲ. ಇನ್ಹೇಲರ್ ಚಟ ಹತ್ತಿಸುವುದಿಲ್ಲ. ಔಷಧ ನೇರವಾಗಿ ಬೇಕಾದ ಜಾಗಕ್ಕೇ ಹೋಗುವುದರಿಂದ ಪ್ರಮಾಣವೂ ತೀರಾ ಕಡಿಮೆ ಸಾಕು. ಸಾಲ್ಬ್ಯುಟಮಾಲ್ ಇನ್ಹೇಲರಿನ ಒಂದು ಪಫ್‌ನಲ್ಲಿ, ಅಂದರೆ ಒಂದು ಸಲ ಒತ್ತಿದಾಗ ಬರುವ ಔಷಧದಲ್ಲಿ, ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಇರುತ್ತದೆ. ಅದೇ ಔಷಧದ 2 ಮಿಲಿಗ್ರಾಂ ಮಾತ್ರೆಯಲ್ಲಿ ಅದರ 20 ಪಟ್ಟು. ಮಾತ್ರೆ ಸಾಧು, ಇನ್ಹೇಲರ್ ಜೋರು ಎಂಬ ನಂಬಿಕೆ ತಲೆಕೆಳಗಾದದ್ದು.

ಸ್ಟೀರಾಯ್ಡ್ ಇನ್ಹೇಲರಿನಿಂದ ಮಗು ಕುಳ್ಳಾಗುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವುದೇ ಒಳ್ಳೆಯದು. ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ವರ್ಷಗಟ್ಟಲೆ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಕೊಟ್ಟು, ಅವರು ದೊಡ್ಡವರಾಗುವವರೆಗೂ ಗಮನಿಸಿದರು. 2012ರಲ್ಲಿ ಬಂದ ಫಲಿತಾಂಶದ ಪ್ರಕಾರ, ಔಷಧ ಪಡೆಯದವರಿಗಿಂತ ಅವರ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ವ್ಯತ್ಯಾಸ ಇದೆ, ಆದರೆ ಚಿಕ್ಕದು. ಅದೂ ಮೊದಲ ಒಂದೆರಡು ವರ್ಷದಲ್ಲಿ ಆದದ್ದು, ವರ್ಷ ವರ್ಷವೂ ಬೆಳೆಯುತ್ತಾ ಹೋಗಲಿಲ್ಲ. ಹತೋಟಿ ಇಲ್ಲದ ಆಸ್ತಮಾಗೆ ಬೆಲೆ ಇದಕ್ಕಿಂತ ದೊಡ್ಡದು. ಪದೇ ಪದೇ ಬಾಯಿಗೆ ಸ್ಟೀರಾಯ್ಡ್ ಕೋರ್ಸ್ ಕೊಡಬೇಕಾಗಿ ಬಂದರೆ ದೇಹಕ್ಕೆ ಸೇರುವ ಸ್ಟೀರಾಯ್ಡ್ ಬಹಳ ಜಾಸ್ತಿ. ಈ ಲೆಕ್ಕ ನೋಡಿದರೆ ದಿನದ ಇನ್ಹೇಲರ್ ಕಡೆಗೇ ನನ್ನ ಒಲವು. ಡಾಕ್ಟರು ಆಗಾಗ ಎತ್ತರ ಅಳೆದು, ಹತೋಟಿಗೆ ಸಾಕಾಗುವ ಅತಿ ಕಡಿಮೆ ಪ್ರಮಾಣಕ್ಕೆ ಇಳಿಸುತ್ತಾ ಬರುತ್ತಾರೆ. ಈ ಇನ್ಹೇಲರ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿಸಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಬರಬಹುದು.

ಸ್ಪೇಸರ್ ಹಿಡಿಯುವ ಕೈ

ಸರಿಯಾದ ಔಷಧ ಇದ್ದೂ ಮಗು ಸುಧಾರಿಸದಿದ್ದರೆ ಮೊದಲು ನೋಡಬೇಕಾದದ್ದು ಔಷಧ ಎದೆಗೆ ತಲುಪುತ್ತಿದೆಯೇ ಅನ್ನುವುದನ್ನು. ಇನ್ಹೇಲರನ್ನು ನೇರ ಬಾಯಿಗಿಟ್ಟು ಒತ್ತಿದರೆ ಹೆಚ್ಚಿನ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಮಕ್ಕಳಿಗೆ ಒತ್ತುವ ಹೊತ್ತಿಗೇ ಸರಿಯಾಗಿ ಉಸಿರೆಳೆದುಕೊಳ್ಳಲೂ ಬರುವುದಿಲ್ಲ. ನಡುವೆ ಸ್ಪೇಸರ್ ಇದ್ದರೆ ಔಷಧದ ಮಂಜು ಅದರೊಳಗೆ ನಿಲ್ಲುತ್ತದೆ, ಮಗು ತನ್ನಷ್ಟಕ್ಕೆ ಉಸಿರಾಡಿದರೆ ಸಾಕು.

ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ. ಸ್ಪೇಸರಿಗೆ ಸಿಕ್ಕಿಸಿ. ಪುಟ್ಟ ಮಗುವಾದರೆ ಮಾಸ್ಕನ್ನು ಮೂಗು, ಬಾಯಿ ಎರಡೂ ಮುಚ್ಚುವ ಹಾಗೆ ಸಂದಿಲ್ಲದೆ ಕೂರಿಸಿ. ನಾಲ್ಕೈದು ವರ್ಷ ದಾಟಿದ ಮಕ್ಕಳು ಸಾಮಾನ್ಯವಾಗಿ ಮಾಸ್ಕ್ ಬಿಟ್ಟು ಬಾಯಿಕೊಳವೆಯನ್ನೇ ತುಟಿಯಲ್ಲಿ ಬಿಗಿಯಾಗಿ ಹಿಡಿಯಬಲ್ಲರು. ಒಂದೇ ಒಂದು ಪಫ್ ಒತ್ತಿ. ಮಗು ಐದಾರು ಸಲ ಸಹಜವಾಗಿ ಉಸಿರಾಡಲಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಮುಂದಿನ ಪಫ್. ಎರಡು ಮೂರು ಪಫ್ ಒಟ್ಟಿಗೆ ಒತ್ತಿದರೆ ಔಷಧ ಸ್ಪೇಸರಿನ ಗೋಡೆಗೆ ಅಂಟಿಕೊಂಡು ವ್ಯರ್ಥ. ಅಳುವ ಮಗುವಿಗೆ ಬಲವಂತವಾಗಿ ಕೊಟ್ಟರೂ ಎದೆಗೆ ಹೋಗುವುದು ಬಹಳ ಕಡಿಮೆ. ಚೆನ್ನಾಗಿರುವ ದಿನಗಳಲ್ಲೇ ಮಾಸ್ಕನ್ನು ಆಟಿಕೆಯ ಹಾಗೆ ಕೈಗೆ ಕೊಟ್ಟು ರೂಢಿ ಮಾಡಿಸಿದರೆ ಕಷ್ಟದ ಹೊತ್ತಿನಲ್ಲಿ ಜಗಳ ಇರುವುದಿಲ್ಲ.

ಸ್ಪೇಸರನ್ನು ತಿಂಗಳಿಗೊಮ್ಮೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಗೋಡೆಗೆ ಅಂಟುತ್ತದೆ. ಇನ್ನೊಂದು ವಿಷಯ: ಪಫ್‌ಗಳು ಮುಗಿದ ಮೇಲೂ ಇನ್ಹೇಲರಿನಿಂದ ಗಾಳಿ ಬರುತ್ತಲೇ ಇರುತ್ತದೆ. ಸಾಮಾನ್ಯವಾಗಿ ಒಂದರಲ್ಲಿ 200 ಪಫ್ ಇರುತ್ತವೆ. ಎಣಿಕೆ ತೋರಿಸುವ ಕಿಂಡಿ ಇಲ್ಲದಿದ್ದರೆ ನೀವೇ ಲೆಕ್ಕ ಬರೆದಿಡಬೇಕು. ಖಾಲಿ ಇನ್ಹೇಲರ್ ಎಂದು ಗೊತ್ತಾಗುವುದು ನಡುರಾತ್ರಿ ಆಗಬಾರದು.

ನೆಬ್ಯುಲೈಸರೇ ಹೆಚ್ಚು ಶಕ್ತಿಯದು ಎಂದು ಬಹಳ ಮಂದಿ ನಂಬಿದ್ದಾರೆ. ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿ ಸಾಧಾರಣ ತೀವ್ರತೆಯ ಉಬ್ಬಸಕ್ಕೆ ಸ್ಪೇಸರ್ ಅಷ್ಟೇ ಚೆನ್ನಾಗಿ ಕೆಲಸ ಮಾಡಿದೆ. ಎದೆಬಡಿತ ಏರುವುದೂ ಕಡಿಮೆ. ತೀವ್ರ ದಾಳಿಯಲ್ಲಿ ಆಮ್ಲಜನಕವೂ ಬೇಕಾಗುವುದರಿಂದ ಆಸ್ಪತ್ರೆಯ ಮಾತು ಬೇರೆ.

ನೀವು ಮಾಡುವ ರೀತಿಯನ್ನು ಡಾಕ್ಟರ ಅಥವಾ ನರ್ಸ್ ಎದುರು ಒಮ್ಮೆ ಮಾಡಿ ತೋರಿಸಿ. "ಗೊತ್ತಾಯ್ತಾ" ಅಂದರೆ "ಹ್ಞೂಂ" ಅನ್ನುವುದು ಸುಲಭ. ಭಯ ಮತ್ತು ನಿದ್ದೆಗೇಡಿನ ನಡುವೆ ಕೇಳಿಸಿಕೊಂಡದ್ದು ತಲೆಯಲ್ಲಿ ಉಳಿಯುವುದು ಕಷ್ಟ, ಅದರಲ್ಲಿ ಯಾರ ತಪ್ಪೂ ಇಲ್ಲ. ಮಾಡಿ ತೋರಿಸಿದಾಗ ಮಾತ್ರ ಮಾಸ್ಕಿನ ಸಂದು, ಮರೆತ ಅಲುಗಾಟ ಕಣ್ಣಿಗೆ ಬೀಳುತ್ತವೆ. ಪ್ರತಿ ಭೇಟಿಯಲ್ಲೂ ಇದನ್ನು ಮತ್ತೆ ಮಾಡಿ. ಕಲಿತವರ ಕೈಯೂ ಕೆಲವು ತಿಂಗಳಲ್ಲಿ ತಪ್ಪುತ್ತದೆ.

ಮತ್ತೆ ಯಾವಾಗ ಓಡಬೇಕು

ಇದನ್ನು ಮನೆಯಲ್ಲಿರುವ ಎಲ್ಲ ದೊಡ್ಡವರೂ ತಿಳಿದಿರಬೇಕು. ಉಸಿರೆಳೆದಾಗ ಪಕ್ಕೆಲುಬುಗಳ ನಡುವಿನ ಚರ್ಮ ಅಥವಾ ಗಂಟಲ ಕೆಳಗಿನ ಗುಳಿ ಒಳಕ್ಕೆ ಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿರುವುದು, ಹಸುಗೂಸು ಹಾಲು ಕುಡಿಯಲಾಗದೆ ಬಾಯಿ ಬಿಡುವುದು. ಇವು ಕಂಡರೆ ತಕ್ಷಣದ ಇನ್ಹೇಲರ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ತುಟಿ ನೀಲಿಯಾದರೆ, ಮಗು ಮಂಕಾಗಿ ತೂಕಡಿಸಿದರೆ, ಸುಸ್ತಾಗಿ ಕುಸಿದರೆ ಆಂಬುಲೆನ್ಸ್ ಕರೆಯಬೇಕು. ಅದು ಬರುವವರೆಗೆ ಮಗುವನ್ನು ಕೂರಿಸಿಕೊಂಡೇ ಇರಿ, ಮಲಗಿಸಬೇಡಿ. ಪಫ್ ಕೊಡುವುದನ್ನು ನಿಲ್ಲಿಸಬೇಡಿ.

ಒಂದು ಲಕ್ಷಣ ಮೋಸ ಮಾಡುತ್ತದೆ. ಜೋರಾಗಿದ್ದ ಸುಂಯ್ ಸದ್ದು ನಿಂತಿದೆ, ಆದರೆ ಮಗು ಇನ್ನೂ ಒದ್ದಾಡುತ್ತಿದೆ. ಇದು ಸುಧಾರಣೆ ಅಲ್ಲ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದರ್ಥ. ಕಿವಿಯನ್ನಲ್ಲ, ಎದೆಯ ಚಲನೆಯನ್ನು ನಂಬಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಚೆನ್ನಾಗಿದೆ ಎಂದು ತೋರಿಸುತ್ತಿದ್ದರೂ ಮಗು ಕಷ್ಟಪಡುತ್ತಿದ್ದರೆ ಕಾಯಬೇಡಿ.

ಇನ್ನೊಂದು ಅಳತೆ ಗಡಿಯಾರ. ತಕ್ಷಣದ ಇನ್ಹೇಲರಿನ ಆರಾಮ ನಾಲ್ಕು ಗಂಟೆಯೂ ನಿಲ್ಲದೆ ಮತ್ತೆ ಬೇಕಾಗುತ್ತಿದ್ದರೆ ಒಳಗಿನ ಊತ ಏರುತ್ತಿದೆ. ಬೆಳಗಾಗಲಿ ನೋಡೋಣ ಅನ್ನುವ ಹೊತ್ತಲ್ಲ ಅದು. ಸಾಲ್ಬ್ಯುಟಮಾಲಿನಿಂದ ಕೈ ಸ್ವಲ್ಪ ನಡುಗಬಹುದು, ಎದೆ ಡವಡವ ಅನ್ನಬಹುದು. ಆ ಹೆದರಿಕೆಯಿಂದ ದಾಳಿಯ ಹೊತ್ತಿನಲ್ಲಿ ಪಫ್ ಕಡಿಮೆ ಮಾಡಬೇಡಿ.

ಎಷ್ಟು ಪಫ್ ಎನ್ನುವುದು ಬರಹದಲ್ಲೇ ಇರಬೇಕು. ಆಸ್ಟ್ರೇಲಿಯಾದಲ್ಲಿ ನಾಲ್ಕು ಪಫ್ ಕೊಟ್ಟು ನಾಲ್ಕು ನಿಮಿಷ ಕಾದು ನೋಡಲು ಕಲಿಸುತ್ತಾರೆ. ಬ್ರಿಟನ್ನಿನಲ್ಲಿ ಒಂದೊಂದಾಗಿ ಹತ್ತರವರೆಗೆ ಕೊಡಲು ಹೇಳುತ್ತಾರೆ. ನಿಮ್ಮ ಮಗುವಿಗೆ ಯಾವುದು ಎಂದು ಡಾಕ್ಟರೇ ಬರೆದುಕೊಡಬೇಕು. ಚೆನ್ನಾಗಿರುವ ದಿನ ಏನು, ನೆಗಡಿ ಕೆಮ್ಮು ಶುರುವಾದಾಗ ಏನು, ಉಸಿರು ಕಟ್ಟಿದಾಗ ಏನು ಎಂದು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಬರೆದ ಒಂದು ಹಾಳೆ ಸಾಕು. ಮೇಲೆ ಹೇಳಿದ ವರದಿಯಲ್ಲಿ, ತೀರಿಕೊಂಡ 195 ಜನರಲ್ಲಿ ಇಂಥ ಹಾಳೆ ಇದ್ದದ್ದು ಕಾಲು ಭಾಗಕ್ಕಿಂತ ಕಡಿಮೆ ಮಂದಿಗೆ. ಅದು ಕೊಡದೆ ಮನೆಗೆ ಕಳಿಸುತ್ತಿದ್ದರೆ ಕೇಳಿ ಪಡೆಯಿರಿ. ಸಂಕೋಚ ಬೇಡ.

ಮುಂದಿನ ಭೇಟಿ, ಮುಂದಿನ ನೆಗಡಿ

ಮನೆಗೆ ಬಂದ ಒಂದೆರಡು ದಿನದಲ್ಲೇ ಮಗುವನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕು, ಮಗು ಚೆನ್ನಾಗಿದ್ದರೂ. ಎಮರ್ಜೆನ್ಸಿಯ ಡಾಕ್ಟರು ಆ ಹೊತ್ತಿನ ದಾಳಿ ನೋಡಿದರು. ಈ ದಾಳಿ ಯಾಕಾಯಿತು, ದಿನದ ಔಷಧ ಬೇಕೇ ಎಂದು ನೋಡುವುದು ಈ ಭೇಟಿಯಲ್ಲಿ. ಕೆಲವು ವಾರದ ನಂತರ ಇನ್ನೊಮ್ಮೆ. ಹೋಗುವಾಗ ಎಲ್ಲ ಇನ್ಹೇಲರ್, ಸ್ಪೇಸರ್ ಜೊತೆಗಿರಲಿ. ರಾತ್ರಿ ಕೆಮ್ಮಿ ಎದ್ದದ್ದು ಎಷ್ಟು ಸಲ, ತಕ್ಷಣದ ಇನ್ಹೇಲರ್ ವಾರಕ್ಕೆ ಎಷ್ಟು ಸಲ ಬೇಕಾಯಿತು, ಓಡಿ ಆಡುವಾಗ ಅರ್ಧಕ್ಕೇ ಕೂತುಬಿಡುತ್ತದೆಯೇ ಎಂದು ಬರೆದುಕೊಂಡು ಹೋಗಿ. ಆರು ವರ್ಷದ ಮೇಲಿನ ಮಗುವಿಗೆ ಆ ಇನ್ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ, ಇನ್ನೂ ಚಿಕ್ಕ ಮಗುವಿಗೆ ಒಂದು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಆಸ್ತಮಾ ಹತೋಟಿಯಲ್ಲಿಲ್ಲ.

ಐದು ವರ್ಷದ ಒಳಗಿನ ಮಕ್ಕಳಲ್ಲಿ ಡಾಕ್ಟರು "ಆಸ್ತಮಾ" ಎಂದು ಖಚಿತವಾಗಿ ಹೇಳದಿರಬಹುದು. ಈ ವಯಸ್ಸಿನಲ್ಲಿ ನೆಗಡಿ ಬಂದಾಗಲೆಲ್ಲ ಉಬ್ಬಸ ಬರುವ ಮಕ್ಕಳು ಬಹಳ. ಅವರಲ್ಲಿ ಅನೇಕರಿಗೆ ಬೆಳೆಯುತ್ತಾ ಅದು ನಿಂತುಹೋಗುತ್ತದೆ. ಹೆಸರು ಇನ್ನೂ ತೀರ್ಮಾನವಾಗಿಲ್ಲ ಎಂದು ಔಷಧ ಬಿಡಬಾರದು.

ದಾಳಿಗೆ ಕಾರಣ ಹುಡುಕುವಾಗ ಅಪ್ಪ ಅಮ್ಮ ಮೊದಲು ಊಟದ ಮೇಲೆ ಅನುಮಾನ ಪಡುತ್ತಾರೆ. ಆದರೆ ಮಕ್ಕಳಲ್ಲಿ ಅತಿ ದೊಡ್ಡ ಕಾರಣ ನೆಗಡಿಯ ವೈರಸ್. ಶಾಲೆಗೆ ಹೋಗುವ ಮಕ್ಕಳ ಮೇಲೆ ನಡೆದ 1995ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಹತ್ತರಲ್ಲಿ ಎಂಟು ದಾಳಿಗಳ ಜೊತೆ ವೈರಸ್ ಸಿಕ್ಕಿತ್ತು. ರಜೆ ಮುಗಿದು ಶಾಲೆ ಶುರುವಾದ ವಾರಗಳಲ್ಲಿ ಎಮರ್ಜೆನ್ಸಿಗೆ ಬರುವ ಮಕ್ಕಳು ಹೆಚ್ಚುವುದಕ್ಕೂ ಇದು ಒಂದು ಮುಖ್ಯ ಕಾರಣ. ರಜೆಯಲ್ಲಿ ದಿನದ ಇನ್ಹೇಲರ್ ತಪ್ಪಿಸಿದ್ದರೆ ಆ ಹೊತ್ತಿಗೆ ಮಗು ಇನ್ನಷ್ಟು ಇಕ್ಕಟ್ಟಿನಲ್ಲಿರುತ್ತದೆ. ವೈರಸ್ಸಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಕೆಮ್ಮಿನ ಸಿರಪ್ ಉಬ್ಬಸ ಬಿಡಿಸುವುದಿಲ್ಲ.

ಮನೆಯೊಳಗೆ ಯಾರೂ ಬೀಡಿ ಸಿಗರೇಟು ಸೇದಬಾರದು. ಇದರಲ್ಲಿ ರಿಯಾಯಿತಿಯೇ ಬೇಡ. ಗೋಡೆಯ ಬೂಷ್ಟು, ಹಾಸಿಗೆಯ ದೂಳು, ಸಾಕುಪ್ರಾಣಿಯ ಕೂದಲು ಕೆಲವು ಮಕ್ಕಳಿಗೆ ತೊಂದರೆ ಕೊಡುತ್ತವೆ, ಕೆಲವರಿಗೆ ಕೊಡುವುದಿಲ್ಲ. ನಿಮ್ಮ ಮಗುವಿಗೆ ಯಾವುದು ಎಂದು ಗಮನಿಸಿ, ಅದನ್ನಷ್ಟೇ ದೂರ ಮಾಡಿ. ಆಟ ಮಾತ್ರ ನಿಲ್ಲಿಸಬೇಡಿ. ಹತೋಟಿಯಲ್ಲಿರುವ ಆಸ್ತಮಾ ಇಟ್ಟುಕೊಂಡು ಮಗು ಓಡಬಹುದು, ಈಜಬಹುದು, ಪಂದ್ಯ ಆಡಬಹುದು. ಓಡಿದರೆ ಕೆಮ್ಮು ಬರುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು.

ಮಗು ದಿನದ ಅರ್ಧ ಭಾಗ ಕಳೆಯುವುದು ಶಾಲೆಯಲ್ಲಿ. ಟೀಚರಿಗೆ ಆ ಬಣ್ಣದ ಹಾಳೆಯ ಪ್ರತಿ, ಹೆಸರು ಬರೆದ ಒಂದು ಇನ್ಹೇಲರ್, ಒಂದು ಸ್ಪೇಸರ್ ಕೊಟ್ಟು ಬನ್ನಿ. ಅದನ್ನು ಬೀಗ ಹಾಕಿದ ಬೀರುವಿನಲ್ಲಿ ಇಡದೆ ತಕ್ಷಣ ಕೈಗೆ ಸಿಗುವ ಕಡೆ ಇಡಲು ಹೇಳಿ. ಅಜ್ಜ ಅಜ್ಜಿ, ಚಿಕ್ಕಮ್ಮ, ಮಗುವನ್ನು ನೋಡಿಕೊಳ್ಳುವ ಯಾರೇ ಇರಲಿ, ಒಮ್ಮೆ ಅವರ ಕೈಯಿಂದಲೇ ಸ್ಪೇಸರ್ ಹಿಡಿಸಿ ಪಫ್ ಕೊಡಿಸಿ ನೋಡಿ. ಇನ್ಹೇಲರಿನ ಅವಧಿ ಮುಗಿಯುವ ತಾರೀಕನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ, ಶಾಲೆಯಲ್ಲಿರುವುದರದ್ದೂ ಸೇರಿಸಿ.